ಹಿತ್ತಲಿಗೆ ಹೊಸ ಹೇಂಟೆ ಬಂದಾಗ

ಮೂರು ವರ್ಷದ ಹಿಂದಿನ ಮಾತು. ಯುಗಾದಿ ಹತ್ತಿರ ಬಂದಿತ್ತು. ಸಂತೆಯಲ್ಲಿ ಎರಡು ಕಪ್ಪು ಹೇಂಟೆ ಕಣ್ಣಿಗೆ ಬಿದ್ದವು. ಮೈ ತುಂಬಿಕೊಂಡು ಮಿರಮಿರ ಮಿಂಚುತ್ತಿದ್ದವು. ಆಸೆಪಟ್ಟು ತಂದೆ. ಕತ್ತಲಾಗುವ ಹೊತ್ತಿಗೆ ಸೀದಾ ಹಳೆ ಕೋಳಿಗಳ ಗೂಡಿನೊಳಗೆ ಬಿಟ್ಟು ಬಾಗಿಲು ಹಾಕಿದೆ. ಬೆಳಿಗ್ಗೆ ನೋಡಿದರೆ ಒಂದರ ಜುಟ್ಟು ಪೂರ್ತಿ ರಕ್ತ. ಅರಿಶಿನ ಹಚ್ಚಿ ಅದನ್ನು ಹೇಗೋ ಉಳಿಸಿಕೊಂಡೆ. ಆದರೆ ಐದನೇ ದಿನಕ್ಕೆ ಇನ್ನೊಂದು ಮಂಕಾಯಿತು, ಹಸಿರು ಬಣ್ಣದ ನೀರಿನಂಥ ಹಿಕ್ಕೆ ಹಾಕತೊಡಗಿತು. ಮುಂದಿನ ಎರಡು ವಾರದಲ್ಲಿ ಹಳೆಯವೂ ಒಂದೊಂದಾಗಿ ಕುತ್ತಿಗೆ ತಿರುಚಿಕೊಂಡು ಬಿದ್ದವು. ಹದಿಮೂರರಲ್ಲಿ ಉಳಿದದ್ದು ನಾಲ್ಕು. ಕೊಕ್ಕರೆ ರೋಗ ಅಂತ ಪಶು ಆಸ್ಪತ್ರೆಯಲ್ಲಿ ಹೇಳಿದರು. ಪುಸ್ತಕದಲ್ಲಿ ಅದನ್ನೇ ರಾಣಿಖೇತ್ ರೋಗ ಅಂತ ಬರೆದಿರುತ್ತಾರೆ.

ಅವತ್ತು ಎರಡು ತಪ್ಪು ಒಟ್ಟಿಗೆ ಆಗಿತ್ತು. ರೋಗ ಇದೆಯೋ ಇಲ್ಲವೋ ನೋಡದೆ ತಂದದ್ದು ಒಂದು. ಮುಖ ಪರಿಚಯವೇ ಇಲ್ಲದ ಕೋಳಿಗಳನ್ನು ಒಂದೇ ಗೂಡಿಗೆ ತುಂಬಿದ್ದು ಇನ್ನೊಂದು. ಈಗ ನಾನು ಹೊಸ ಕೋಳಿ ತಂದರೆ ಎರಡು ಸಲ ಕಾಯುತ್ತೇನೆ. ಮೊದಲು ರೋಗಕ್ಕಾಗಿ ಮೂರ್ನಾಲ್ಕು ವಾರ, ಆಮೇಲೆ ಪರಿಚಯಕ್ಕಾಗಿ ಹತ್ತು-ಹದಿನೈದು ದಿನ. ಆರು ವಾರದ ಕೆಲಸ ಅಂದುಕೊಂಡೇ ಕೋಳಿ ತನ್ನಿ.

ಕೊಳ್ಳುವ ಮುಂಚೆ

ಯುಗಾದಿ, ಅದರ ಮಾರನೇ ದಿನದ ಹೊಸತೊಡಕು, ಊರ ಮಾರಿಹಬ್ಬ, ಇವುಗಳ ಆಸುಪಾಸಿನಲ್ಲಿ ಸಾಕುವುದಕ್ಕೆ ಅಂತ ಕೋಳಿ ಕೊಳ್ಳಬೇಡಿ. ಎಲ್ಲೆಲ್ಲಿಂದಲೋ ಬಂದ ಕೋಳಿಗಳು ಒಂದೇ ಪಂಜರದಲ್ಲಿ ಸೇರಿರುತ್ತವೆ. ಕೊಕ್ಕರೆ ರೋಗ ಬೇಸಿಗೆಯಲ್ಲಿ ಜೋರು. ಸಾಧ್ಯವಾದರೆ ಸಂತೆ ಬಿಟ್ಟು, ಸಾಕಿದವರ ಮನೆಗೇ ಹೋಗಿ ತನ್ನಿ. ಉಳಿದ ಕೋಳಿಗಳು ಹೇಗಿವೆ, ಗೂಡು ಹೇಗಿದೆ ಅಂತ ನಿಮ್ಮ ಕಣ್ಣಿಗೇ ಕಾಣುತ್ತದೆ.

ಒಂದೇ ಒಂದು ಕೋಳಿ ತರಬೇಡಿ. ಹತ್ತು ಕೋಳಿಯ ಗುಂಪಿಗೆ ಒಂಟಿ ಹೇಂಟೆ ಬಂದರೆ ಹತ್ತೂ ಅದರ ಮೇಲೇ ಬೀಳುತ್ತವೆ. ಎರಡು-ಮೂರು ಬಂದರೆ ಪೆಟ್ಟು ಹಂಚಿಹೋಗುತ್ತದೆ, ಹೊಸಬರಿಗೆ ಒಬ್ಬರಿಗೊಬ್ಬರು ಜೊತೆಯೂ ಇರುತ್ತದೆ.

ಗಾತ್ರವೂ ಮುಖ್ಯ. ಮೂರು ತಿಂಗಳ ಪಿಳ್ಳೆಯನ್ನು ಬೆಳೆದ ಹೇಂಟೆಗಳ ಮಧ್ಯೆ ಬಿಟ್ಟರೆ ಅದು ತಡೆದುಕೊಳ್ಳುವುದಿಲ್ಲ. ಹೆಚ್ಚುಕಡಿಮೆ ಹಳೆಯವುಗಳ ಗಾತ್ರಕ್ಕೆ ಬಂದಿರಬೇಕು. ನಾಟಿ ಕೋಳಿಯಾದರೆ ನಾಲ್ಕು ತಿಂಗಳಾದರೂ ತುಂಬಿರಲಿ. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ಅಭಿವೃದ್ಧಿಪಡಿಸಿದ ಗಿರಿರಾಜ, ಆಮೇಲೆ ಬಂದ ಸ್ವರ್ಣಧಾರಾ ತಳಿಗಳು ಬೇಗ ಮೈ ಕಟ್ಟುತ್ತವೆ. ಆದರೆ ಚುರುಕಿನಲ್ಲಿ ನಾಟಿಗೆ ಸಮವಲ್ಲ. ದಪ್ಪಗಿದೆ, ತಾನೇ ನೋಡಿಕೊಳ್ಳುತ್ತದೆ ಅಂತ ನಂಬಬೇಡಿ. ನಮ್ಮಲ್ಲಿ ಮೂರು ಕೆಜಿಯ ಗಿರಿರಾಜವನ್ನು ಒಂದೂವರೆ ಕೆಜಿಯ ನಾಟಿ ಹೇಂಟೆ ಹಿತ್ತಲ ತುಂಬ ಅಟ್ಟಾಡಿಸಿದ್ದನ್ನು ನೋಡಿದ್ದೇನೆ.

ಮೊಟ್ಟೆ ಫಾರಂನವರು ವಯಸ್ಸಾದ ಕೋಳಿಗಳನ್ನು ಕಡಿಮೆ ಬೆಲೆಗೆ ಮಾರುತ್ತಾರೆ. ಅವು ಕೇಜಿನಲ್ಲೇ ಬೆಳೆದವು. ಮಣ್ಣು ಕೆದಕಿ ಗೊತ್ತಿಲ್ಲ, ಕೋಲಿನ ಮೇಲೆ ಕೂತು ಗೊತ್ತಿಲ್ಲ, ಕೊಕ್ಕಿನ ತುದಿಯನ್ನೂ ಕತ್ತರಿಸಿರುತ್ತಾರೆ. ತಿರುಗಿ ಕುಕ್ಕಲು ಆಗದ ಜೀವಗಳು. ತಂದರೆ ಪರಿಚಯಕ್ಕೆ ಇನ್ನೂ ಎರಡು ವಾರ ಜಾಸ್ತಿ ಕೊಡಿ.

ಮೊದಲ ಕಾಯುವಿಕೆ: ಬೇರೆ ಇಡುವುದು

ತಂದ ದಿನ ಹೊಸ ಕೋಳಿ ಹಳೆಯವುಗಳ ಹತ್ತಿರಕ್ಕೂ ಹೋಗಬಾರದು. ಕೊಟ್ಟಿಗೆಯ ಇನ್ನೊಂದು ತುದಿ, ಸೌದೆ ಮನೆ, ಮನೆಯ ಮುಂಭಾಗ, ಎಲ್ಲಾದರೂ ಸರಿ. ದೂರ ಇದ್ದಷ್ಟೂ ಒಳ್ಳೆಯದು. ಒಂದರ ಹಿಕ್ಕೆ ಇನ್ನೊಂದರ ಕಾಲಿಗೆ ಸಿಗಬಾರದು, ಒಂದರ ನೀರಿಗೆ ಇನ್ನೊಂದು ಬಾಯಿ ಹಾಕಬಾರದು. ಕನಿಷ್ಠ 21 ದಿನ, ಸಾಧ್ಯವಾದರೆ 30 ದಿನ ಇಡಿ. ಕೊಕ್ಕರೆ ರೋಗ ಸಾಮಾನ್ಯವಾಗಿ ಎರಡು ವಾರದೊಳಗೆ ಹೊರಗೆ ಕಾಣಿಸಿಕೊಳ್ಳುತ್ತದೆ. ಬೇರೆ ಕೆಲವು ರೋಗಗಳು ನಿಧಾನ.

ಈ ದಿನಗಳಲ್ಲಿ ಕೆಲಸಕ್ಕೆ ಒಂದು ಕ್ರಮ ಇರಲಿ. ಬೆಳಿಗ್ಗೆ ಮೊದಲು ಹಳೆ ಕೋಳಿಗಳ ಕೆಲಸ, ಆಮೇಲೆ ಹೊಸ ಕೋಳಿಗಳದು. ಹೊಸಬರ ಹತ್ತಿರ ಹೋಗಲು ಬೇರೆ ಹವಾಯಿ ಚಪ್ಪಲಿ ಇಟ್ಟುಕೊಳ್ಳಿ. ನೀರಿನ ಪಾತ್ರೆ, ಕಾಳಿನ ಡಬ್ಬ, ಪೊರಕೆ ಎಲ್ಲವೂ ಬೇರೆ. ಬಂದ ಮೇಲೆ ಸೋಪು ಹಾಕಿ ಕೈ ತೊಳೆಯಿರಿ. ಮೊದಮೊದಲು ಇದು ಅತಿಯಾಯಿತು ಅನ್ನಿಸುತ್ತದೆ. ಒಂಬತ್ತು ಕೋಳಿ ಮಣ್ಣು ಮಾಡಿದ ಮೇಲೆ ನನಗೆ ಹಾಗೆ ಅನ್ನಿಸಲೇ ಇಲ್ಲ.

ತಂದ ಮಾರನೇ ದಿನ ಕೋಳಿಯನ್ನು ತೊಡೆ ಮೇಲೆ ಇಟ್ಟುಕೊಂಡು ನಿಧಾನವಾಗಿ ನೋಡಿ. ಕಣ್ಣು ಹೊಳೆಯುತ್ತಿರಬೇಕು, ನೀರು-ನೊರೆ ಇರಬಾರದು. ಮುಖ ಊದಿದೆಯಾ? ಮೂಗಿನಿಂದ ಕೆಟ್ಟ ವಾಸನೆ ಬರುತ್ತಿದೆಯಾ? ಕೋಳಿಯನ್ನು ಕಿವಿಯ ಹತ್ತಿರ ಹಿಡಿದು ಉಸಿರು ಕೇಳಿ. ಗೊರಗೊರ ಸದ್ದು ಬಂದರೆ ಸರಿಯಿಲ್ಲ. ಎದೆಮೂಳೆಯ ಎರಡೂ ಕಡೆ ಕೈಯಾಡಿಸಿ. ಮಾಂಸ ತುಂಬಿರಬೇಕು. ಕತ್ತಿಯ ಅಂಚಿನಂತೆ ಮೂಳೆ ಸಿಕ್ಕರೆ ಹೊಟ್ಟೆಯಲ್ಲಿ ಹುಳ ಇರಬಹುದು, ಇಲ್ಲವೇ ಒಳಗೆ ಬೇರೆ ಕಾಯಿಲೆ ಇರಬಹುದು. ಬಾಲದ ಕೆಳಗಿನ ಪುಕ್ಕ ಬಿಡಿಸಿ ನೋಡಿ. ಹೇನಿದ್ದರೆ ಅಲ್ಲೇ ಓಡಾಡುತ್ತವೆ, ಪುಕ್ಕದ ಬುಡದಲ್ಲಿ ಬಿಳಿ ಗಂಟಿನ ಹಾಗೆ ಅವುಗಳ ಮೊಟ್ಟೆ ಕಟ್ಟಿರುತ್ತದೆ. ಕಾಲಿನ ಹುರುಪೆ ಎದ್ದು ಒರಟಾಗಿದ್ದರೆ ಅದೂ ಒಂದು ಕಣ್ಣಿಗೆ ಕಾಣದ ಹುಳದ ಕೆಲಸ. ಬೇವಿನ ಎಣ್ಣೆಯನ್ನೋ ಕೊಬ್ಬರಿ ಎಣ್ಣೆಯನ್ನೋ ಕೆಲವು ದಿನಕ್ಕೊಮ್ಮೆ ಹಚ್ಚುತ್ತಾ ಬಂದರೆ ನಿಧಾನವಾಗಿ ವಾಸಿಯಾಗುತ್ತದೆ. ಹೇನಿಗೆ, ಒಲೆಯ ಬೂದಿ ಬೆರೆಸಿದ ಒಣ ಮಣ್ಣನ್ನು ಅಗಲವಾದ ಬಾಣಲೆಯಲ್ಲಿ ಇಟ್ಟರೆ ಕೋಳಿಗಳು ತಾವೇ ಹೊರಳಾಡುತ್ತವೆ. ಜಾಸ್ತಿಯಿದ್ದರೆ ಆಸ್ಪತ್ರೆಯಲ್ಲಿ ಪುಡಿ ಕೇಳಿ.

ಲಸಿಕೆಯ ವಿಷಯ. ಕೊಕ್ಕರೆ ರೋಗಕ್ಕೆ ಮದ್ದಿಲ್ಲ, ಲಸಿಕೆ ಇದೆ. ಮರಿಗೆ ಒಂದು ವಾರದೊಳಗೆ ಲಸೋಟಾ ಅಥವಾ ಎಫ್‌ಒನ್ ಹನಿ, ಎಂಟು ವಾರದ ಹೊತ್ತಿಗೆ ಆರ್‌ಟುಬಿ ಚುಚ್ಚುಮದ್ದು, ಇದು ರೂಢಿ. ಕೊಂಡು ತಂದ ಕೋಳಿಗೆ ಏನೇನು ಆಗಿದೆ ಅಂತ ಮಾರಿದವರಿಗೇ ಗೊತ್ತಿರುವುದಿಲ್ಲ. ಹಾಗಾಗಿ ಬೇರೆ ಇಟ್ಟ ಮೊದಲ ವಾರ ಆರೋಗ್ಯವಾಗಿ ಕಂಡರೆ ಲಸಿಕೆ ಹಾಕಿಸಿ. ಹಳೆಯವಕ್ಕೆ ಬಾಕಿಯಿದ್ದರೆ ಅವಕ್ಕೂ ಆಗಲೇ ಆಗಿಬಿಡಲಿ. ಮೊಟ್ಟೆ ಇಡುತ್ತಿರುವ ಹೇಂಟೆಗೆ ಯಾವ ಲಸಿಕೆ ಅಂತ ಡಾಕ್ಟರನ್ನೇ ಕೇಳಿ. ಒಂದು ಸೀಸೆಯಲ್ಲಿ ನೂರಾರು ಕೋಳಿಗೆ ಆಗುವಷ್ಟು ಇರುತ್ತದೆ, ಕಲಸಿದ ಮೇಲೆ ಒಂದೆರಡು ಗಂಟೆಯಲ್ಲಿ ಮುಗಿಸಬೇಕು. ಅಕ್ಕಪಕ್ಕದ ಮನೆಯವರಿಗೂ ಹೇಳಿ ಒಂದೇ ಬೆಳಿಗ್ಗೆ ಎಲ್ಲರ ಕೋಳಿಗೂ ಹಾಕಿಸಿದರೆ ಸೀಸೆ ದಂಡವಾಗುವುದಿಲ್ಲ. ಬೀದಿಯಲ್ಲಿ ರೋಗವೂ ತಿರುಗುವುದಿಲ್ಲ. ಜಂತುಹುಳದ ಔಷಧಿ ಕೇಳಿಕೊಳ್ಳುವುದನ್ನೂ ಮರೆಯಬೇಡಿ.

ಕೆಲವು ಕೋಳಿ ಹೊರಗೆ ಚೆನ್ನಾಗಿ ಕಂಡರೂ ಒಳಗೆ ರೋಗ ಇಟ್ಟುಕೊಂಡಿರುತ್ತವೆ. ಶೀತ, ಮುಖ ಊತ ಬಂದು ವಾಸಿಯಾದವು ಬಹಳ ಕಾಲ ಬೇರೆಯವಕ್ಕೆ ಅಂಟಿಸಬಲ್ಲವು. ಅದಕ್ಕೇ ಕೊನೆಯ ವಾರದಲ್ಲಿ ನಾನು ಹಳೆ ಗುಂಪಿನಿಂದ ಒಂದು ಸಾಧು ಹೇಂಟೆಯನ್ನು ಹೊಸಬರ ಜೊತೆ ಬಿಡುತ್ತೇನೆ. ಅದು ಚೆನ್ನಾಗಿಯೇ ಉಳಿದರೆ ಧೈರ್ಯ ಬರುತ್ತದೆ. ಮುಂದೆ ಗುಂಪು ಸೇರುವಾಗ ಆ ಹೇಂಟೆ ಹೊಸಬರ ಜೊತೆಗೇ ನಿಲ್ಲುತ್ತದೆ ಅನ್ನುವುದು ಇನ್ನೊಂದು ಲಾಭ.

ಎರಡನೇ ಕಾಯುವಿಕೆ: ನೋಡಲಿ, ಮುಟ್ಟದಿರಲಿ

ಕೋಳಿಗಳಲ್ಲಿ ಯಾರು ಯಾರನ್ನು ಕುಕ್ಕಬಹುದು ಅನ್ನುವುದಕ್ಕೆ ಒಂದು ಸಾಲು ಇರುತ್ತದೆ. ಮೇಲಿನದು ಕೆಳಗಿನದನ್ನು ಕುಕ್ಕುತ್ತದೆ, ಕೆಳಗಿನದು ತಿರುಗಿ ಕುಕ್ಕುವುದಿಲ್ಲ. ನಾರ್ವೆಯ ಶೆಲ್ಡೆರುಪ್ ಎಬ್ಬೆ ಅನ್ನುವವರು ಹುಡುಗನಾಗಿದ್ದಾಗಿನಿಂದ ಕೋಳಿಗಳನ್ನು ನೋಡುತ್ತಾ ಬಂದು, 1920ರ ಹೊತ್ತಿಗೆ ಇದನ್ನು ಮೊದಲು ಬರೆದಿಟ್ಟರು. ಹಿತ್ತಲಿನಲ್ಲಿ ಹತ್ತು ನಿಮಿಷ ಕೂತರೆ ನಿಮಗೂ ಕಾಣುತ್ತದೆ. ನುಚ್ಚು ಹಾಕಿದಾಗ ಯಾರು ಮೊದಲು ಬರುತ್ತಾರೆ, ಯಾರು ಪಕ್ಕಕ್ಕೆ ಸರಿಯುತ್ತಾರೆ ನೋಡಿ. ಹೊಸ ಕೋಳಿ ಬಂದ ದಿನ ಈ ಸಾಲು ಕಲಕಿಹೋಗುತ್ತದೆ. ಪ್ರತಿಯೊಂದೂ ಹೊಸದರ ಜೊತೆ ತನ್ನ ಲೆಕ್ಕ ಚುಕ್ತಾ ಮಾಡಿಕೊಳ್ಳಬೇಕು. ಆ ಲೆಕ್ಕದ ಅರ್ಧ ಭಾಗ ಕಣ್ಣಿನಲ್ಲೇ ಮುಗಿಯುವ ಹಾಗೆ ಮಾಡುವುದು ನಮ್ಮ ಕೈಯಲ್ಲಿದೆ.

ಇದಕ್ಕೆ ದುಡ್ಡು ಸುರಿಯಬೇಕಿಲ್ಲ. ಕೋಳಿ ಮುಚ್ಚಿಡುವ ಬಿದಿರಿನ ಬುಟ್ಟಿ ಇದೆಯಲ್ಲ, ಕಿಂಡಿ ಕಿಂಡಿಯಾಗಿ ಹೆಣೆದದ್ದು, ಅದೇ ಸಾಕು. ಜಾಗ ಇದ್ದರೆ ಹಿತ್ತಲಿನ ಒಂದು ಮೂಲೆಗೆ ಅಡ್ಡಲಾಗಿ ಕೋಳಿ ಮೆಶ್, ಅಂದರೆ ತಂತಿ ಬಲೆ ಕಟ್ಟಿ. ದಿನಪೂರ್ತಿ ಇಡಲು ಮೆಶ್ ಒಳ್ಳೆಯದು. ಬುಟ್ಟಿಯಲ್ಲಾದರೆ ಬೆಳಿಗ್ಗೆ ಎರಡು ಗಂಟೆ, ಸಂಜೆ ಎರಡು ಗಂಟೆ, ನೆರಳಿನಲ್ಲಿ.

ಬಲೆಯ ಎರಡೂ ಕಡೆ ಅಂಚಿಗೇ ಕಾಳು ಹಾಕಿ. ಈ ಕಡೆ ಹಳೆಯವು, ಆ ಕಡೆ ಹೊಸವು, ಮಧ್ಯೆ ಒಂದು ಅಂಗುಲ. ಹೊಟ್ಟೆ ತುಂಬುವ ಹೊತ್ತು ಎದುರಿಗಿರುವ ಮುಖ ನಿಧಾನವಾಗಿ ರೂಢಿಯಾಗುತ್ತದೆ. ಕಳೆದ ವರ್ಷ ಒಂದು ಚುಕ್ಕಿ ಹೇಂಟೆಯನ್ನು ಬುಟ್ಟಿಯಡಿ ಇಟ್ಟಿದ್ದೆ. ನಮ್ಮ ಗುಂಪಿನ ಯಜಮಾನಿ ಕೆಂಪು ಹೇಂಟೆ. ಮೊದಲ ದಿನ ಕುತ್ತಿಗೆ ಪುಕ್ಕ ಕೊಡೆಯ ಹಾಗೆ ಅರಳಿಸಿಕೊಂಡು ಬುಟ್ಟಿಗೆ ಎದೆ ಕೊಟ್ಟು ನಿಂತಿತು. ಕಿಂಡಿಯಲ್ಲಿ ಟಕ್ ಟಕ್ ಅಂತ ಕುಕ್ಕಿತು. ಚುಕ್ಕಿ ಮಧ್ಯಕ್ಕೆ ಸರಿದು ತಲೆ ತಗ್ಗಿಸಿತು. ಎರಡನೇ ದಿನ ಕೆಂಪು ಹೇಂಟೆ ಬುಟ್ಟಿಯನ್ನು ಎರಡು ಸುತ್ತು ಸುತ್ತಿ ಹೋಯಿತು. ನಾಲ್ಕನೇ ದಿನ ಪುಕ್ಕ ಏಳಲಿಲ್ಲ. ಆರನೇ ದಿನ ಬುಟ್ಟಿಗೆ ಬೆನ್ನು ಮಾಡಿ ಕೂತು, ರೆಕ್ಕೆ ಚಾಚಿ ಬಿಸಿಲು ಕಾಯಿಸುತ್ತಿತ್ತು. ಬೆನ್ನು ತೋರಿಸಿ ಕೂರುವ ಹಂತ ಬಂದರೆ ಬುಟ್ಟಿ ಎತ್ತುವ ದಿನ ಹತ್ತಿರ ಬಂತು ಅಂತ ನನ್ನ ಲೆಕ್ಕ.

ನಮ್ಮ ಕಡೆ ಹೊಸ ಕೋಳಿಯ ಕಾಲಿಗೆ ದಾರ ಕಟ್ಟಿ ಗೂಟಕ್ಕೆ ಬಿಡುವ ರೂಢಿಯಿದೆ. ಗೂಡು ಮರೆಯದಿರಲಿ, ಹಳೆ ಮನೆಗೆ ಓಡದಿರಲಿ ಅಂತ. ಉದ್ದೇಶ ಸರಿ. ಆದರೆ ಕಟ್ಟಿದ ಕೋಳಿ ಓಡಲಾರದು. ಕುಕ್ಕಿಸಿಕೊಳ್ಳುತ್ತಲೇ ಇರಬೇಕು, ನಾಯಿ ಬಂದರೆ ಮುಗಿಯಿತು. ದಾರ ಬೇಡ. ಬುಟ್ಟಿ, ಮೆಶ್ ಎರಡರಲ್ಲೂ ಅದೇ ಕೆಲಸ ಆಗುತ್ತದೆ.

ಬಿಡುವ ಮುಂಚೆ ಹಿತ್ತಲು ಸರಿಮಾಡಿ

ಜಗಳ ಆಗುವುದು ಮೂರು ಕಡೆ: ಕಾಳು, ನೀರು, ಕೂರುವ ಕೋಲು. ಮೂರೂ ಧಾರಾಳವಾಗಿರಲಿ. ಕಾಳಿನ ತಟ್ಟೆ ಎರಡಾದರೂ ಬೇಕು, ಎಂಟು-ಹತ್ತು ಅಡಿ ದೂರದಲ್ಲಿ. ಒಂದೇ ಕೋಳಿ ನಿಂತು ಎರಡನ್ನೂ ಕಾಯಲು ಆಗಬಾರದು. ನೀರೂ ಹಾಗೆಯೇ. ರಾತ್ರಿ ಕೂರುವ ಕೋಲಿನ ಮೇಲೆ ಒಂದು ಕೋಳಿಗೆ ಎಂಟು ಅಂಗುಲ ಜಾಗ ಇರಲಿ, ಕೋಲುಗಳೆಲ್ಲ ಒಂದೇ ಎತ್ತರದಲ್ಲಿರಲಿ. ಮೇಲೊಂದು ಕೆಳಗೊಂದು ಕಟ್ಟಿದರೆ ಮೇಲಿನದಕ್ಕೆ ದಿನವೂ ಕಿತ್ತಾಟ. ಮೊಟ್ಟೆಯಿಡುವ ಬುಟ್ಟಿ ನಾಲ್ಕೈದು ಹೇಂಟೆಗೆ ಒಂದರಂತೆ. ಗೂಡು ಈಗಾಗಲೇ ಇಕ್ಕಟ್ಟಾಗಿದ್ದರೆ ಹೊಸ ಕೋಳಿ ತರಬೇಡಿ, ಮೊದಲು ಗೂಡು ದೊಡ್ಡದು ಮಾಡಿ.

ಓಡಿ ಮರೆಯಾಗುವ ಜಾಗವೂ ಬೇಕು. ಗೋಡೆಗೆ ಒರಗಿಸಿದ ಹಲಗೆ, ಹಳೆ ಮಂಚ, ತೆಂಗಿನ ಗರಿಯ ರಾಶಿ, ಏನಾದರೂ ಸರಿ. ಎರಡೂ ಕಡೆ ದಾರಿ ತೆರೆದಿರಬೇಕು. ಒಂದೇ ಬಾಯಿಯ ಮೂಲೆ ಅಪಾಯ. ಒಳಗೆ ಹೊಕ್ಕ ಕೋಳಿ ಸಿಕ್ಕಿಹಾಕಿಕೊಂಡು ತಲೆ ಹರಿಸಿಕೊಳ್ಳುತ್ತದೆ.

ಒಟ್ಟಿಗೆ ಬಿಡುವ ದಿನ

ನೀವು ಮನೆಯಲ್ಲಿರುವ ದಿನ ಆರಿಸಿಕೊಳ್ಳಿ. ಸಂಜೆ ನಾಲ್ಕೂವರೆ-ಐದರ ಹೊತ್ತು ಒಳ್ಳೆಯದು. ಗೂಡು ಸೇರಲು ಒಂದೂವರೆ ಗಂಟೆ ಇರುತ್ತದೆ, ಜಗಳ ಉದ್ದ ಬೆಳೆಯುವುದಿಲ್ಲ. ಹಳೆಯವನ್ನು ಹೊಸಬರ ಜಾಗಕ್ಕೆ ನುಗ್ಗಿಸಬೇಡಿ. ಮೊದಲು ಹಳೆಯವನ್ನು ತೋಟದ ಕಡೆ ಅಟ್ಟಿ, ಹೊಸವನ್ನು ಬಿಡಿ. ಅವು ಸುತ್ತ ನೋಡಿಕೊಂಡು, ಮರೆ ಎಲ್ಲಿದೆ ನೀರು ಎಲ್ಲಿದೆ ಅಂತ ತಿಳಿದ ಮೇಲೆ ಹಳೆಯವು ಬರಲಿ.

ಬರುವ ಹೊತ್ತಿಗೆ ಎಲ್ಲರಿಗೂ ಕೆಲಸ ಕೊಡಿ. ಒಂದು ಮಂಕರಿ ತರಗೆಲೆ ತಂದು ಸುರಿದು, ಅದರೊಳಗೆ ಒಂದು ಹಿಡಿ ರಾಗಿ, ಒಂದು ಹಿಡಿ ನುಚ್ಚು ಎರಚಿ. ಕೆದಕಲು ಶುರು ಮಾಡಿದ ಕೋಳಿಗೆ ಬೇರೆ ಯೋಚನೆ ಬರುವುದಿಲ್ಲ. ನುಗ್ಗೆ ಸೊಪ್ಪು, ಹರಿವೆ ಸೊಪ್ಪಿನ ಕಟ್ಟನ್ನು ತಲೆಗಿಂತ ಸ್ವಲ್ಪ ಎತ್ತರಕ್ಕೆ ಎರಡು-ಮೂರು ಕಡೆ ನೇತುಹಾಕಿ. ಹಣ್ಣಾದ ಪಪ್ಪಾಯಿಯನ್ನು ಹೋಳು ಮಾಡಿ ದೂರ ದೂರ ಇಡಿ.

ಆಮೇಲೆ ಸುಮ್ನೆ ಕೂತು ನೋಡಿ. ಒಂದೆರಡು ಕುಕ್ಕು, ನಾಲ್ಕು ಹೆಜ್ಜೆ ಅಟ್ಟುವುದು, ಎದೆಗೆ ಎದೆ ಕೊಟ್ಟು ಹಾರುವುದು, ಇವೆಲ್ಲ ಆಗಲೇಬೇಕು. ಮಧ್ಯೆ ಹೋಗಬೇಡಿ. ಪ್ರತಿ ಸಲ ಬಿಡಿಸಿದರೆ ಲೆಕ್ಕ ಮುಗಿಯುವುದೇ ಇಲ್ಲ, ನಾಳೆ ಮತ್ತೆ ಮೊದಲಿನಿಂದ ಶುರು. ಹೊಸ ಹೇಂಟೆ ತಲೆ ತಗ್ಗಿಸಿ ಸರಿದುಕೊಂಡರೆ ಸಾಕು, ಹಳೆಯದು ಅಲ್ಲಿಗೆ ಬಿಡುತ್ತದೆ. ರಕ್ತ ಕಂಡರೆ, ಮೂರು-ನಾಲ್ಕು ಸೇರಿ ಒಂದರ ಮೇಲೆ ಬಿದ್ದರೆ, ಅಥವಾ ಹೊಸದು ಮೂಲೆಗೆ ತಲೆ ತುರುಕಿಕೊಂಡು ಅಲ್ಲಾಡದೆ ನಿಂತರೆ ತಕ್ಷಣ ಎತ್ತಿಕೊಳ್ಳಿ.

ಮೊದಲ ದಿನ ಒಂದು ಗಂಟೆ ಸಾಕು. ದಿನವೂ ಅರ್ಧ ಅರ್ಧ ಗಂಟೆ ಹೆಚ್ಚಿಸಿ. ರಾತ್ರಿ ಹೊಸವು ಅವುಗಳ ಜಾಗದಲ್ಲೇ ಮಲಗಲಿ.

ರಾತ್ರಿ ಗೂಡಿಗೆ ಸೇರಿಸುವುದು

ಕತ್ತಲಲ್ಲಿ ಗೂಡಿಗೆ ಬಿಟ್ಟರೆ ಬೆಳಿಗ್ಗೆ ಹಳೆಯವಕ್ಕೆ ಗೊತ್ತಾಗುವುದಿಲ್ಲ ಅಂತ ತುಂಬಾ ಜನ ಹೇಳುತ್ತಾರೆ. ನನಗೂ ಹೇಳಿದ್ದರು. ಅದು ನಿಜವಲ್ಲ. ಕೋಳಿಗಳು ಜುಟ್ಟು, ಮುಖ ನೋಡಿ ಒಂದನ್ನೊಂದು ಗುರುತು ಹಿಡಿಯುತ್ತವೆ. ಬೆಳಕಾದ ಕೂಡಲೇ ಹೊಸಮುಖ ಕಾಣುತ್ತದೆ, ಆಗ ಬಾಗಿಲು ಹಾಕಿರುತ್ತದೆ, ಓಡಲು ಜಾಗವಿಲ್ಲ. ನನ್ನ ಕಪ್ಪು ಹೇಂಟೆಯ ಜುಟ್ಟು ಹೋದದ್ದು ಹೀಗೇ.

ಮುಖ ಪರಿಚಯ ಆಗಿ, ಹಗಲು ನಾಲ್ಕೈದು ದಿನ ಒಟ್ಟಿಗೆ ಓಡಾಡಿದ ಮೇಲೆ ಇದೇ ಉಪಾಯ ಚೆನ್ನಾಗಿ ಕೆಲಸ ಮಾಡುತ್ತದೆ. ಎಲ್ಲವೂ ಕೋಲಿನ ಮೇಲೆ ಕೂತು ತೂಕಡಿಸುವಾಗ ಹೊಸವನ್ನು ಒಂದೊಂದಾಗಿ ಎತ್ತಿ ತುದಿಯಲ್ಲಿ ಕೂರಿಸಿ. ಪಕ್ಕದಲ್ಲಿ ಸಾಧು ಹೇಂಟೆ ಇರಲಿ. ಟಾರ್ಚ್ ನೆಲಕ್ಕೆ ಹಿಡಿಯಿರಿ, ಮುಖಕ್ಕೆ ಬೇಡ. ಮಾರನೇ ದಿನ ಬೆಳಕು ಹರಿಯುವ ಮುಂಚೆ ನೀವೇ ಹೋಗಿ ಬಾಗಿಲು ತೆಗೆಯಬೇಕು. ಒಂದು ವಾರ ಹೀಗೆ ಎದ್ದರೆ ಸಾಕು.

ಕೂರಿಸುವಾಗ ಕತ್ತಿನ ಬುಡದ ಬಲಗಡೆ, ಎದೆಯ ಮೇಲೆ ಇರುವ ಕಾಳಿನ ಚೀಲ ಮುಟ್ಟಿ ನೋಡುವ ಅಭ್ಯಾಸ ಮಾಡಿಕೊಳ್ಳಿ. ಹೊಟ್ಟೆ ತುಂಬ ತಿಂದ ಕೋಳಿಗೆ ಅಲ್ಲಿ ನಿಂಬೆಹಣ್ಣಿನಷ್ಟು ದಪ್ಪ ಉಂಡೆ ಸಿಗುತ್ತದೆ, ಒಳಗೆ ಕಾಳು ಕಾಳಾಗಿ ಬೆರಳಿಗೆ ತಾಗುತ್ತದೆ. ಚೀಲ ಖಾಲಿಯಿದ್ದರೆ ಹಗಲೆಲ್ಲ ಅದನ್ನು ತಟ್ಟೆ ಹತ್ತಿರ ಬಿಟ್ಟಿಲ್ಲ ಅಂತ ಅರ್ಥ. ನೋಡಲು ಜಗಳವೇ ಇರುವುದಿಲ್ಲ, ಕೋಳಿ ಮಾತ್ರ ದಿನದಿನಕ್ಕೂ ಇಳಿದುಹೋಗುತ್ತಿರುತ್ತದೆ. ಅಂಥದಕ್ಕೆ ಬೆಳಿಗ್ಗೆ ಸಂಜೆ ಬೇರೆ ಕಡೆ ಕಾಳು ಕೊಟ್ಟು ಬಿಡಿ, ಇನ್ನೊಂದು ತಟ್ಟೆಯನ್ನೂ ಇಡಿ.

ಒಂದೇ ಕೋಳಿ ಬಿಡದೆ ಕಾಡಿದರೆ

ಹೆಚ್ಚಿನ ಸಲ ಕಾಟ ಕೊಡುವುದು ಒಂದೇ ಹೇಂಟೆ. ಆಗ ಪೆಟ್ಟು ತಿನ್ನುವುದನ್ನು ಬೇರೆ ಇಡಬೇಡಿ, ಕಾಡುವುದನ್ನು ಎತ್ತಿ ಬುಟ್ಟಿಯಡಿ ಮುಚ್ಚಿ. ಗುಂಪಿಗೆ ಕಾಣದ ಜಾಗದಲ್ಲಿ ಮೂರ್ನಾಲ್ಕು ದಿನ. ಅಷ್ಟರಲ್ಲಿ ಉಳಿದವು ಹೊಸದರ ಜೊತೆ ಹೊಂದಿಕೊಳ್ಳುತ್ತವೆ. ವಾಪಸ್ ಬಂದಾಗ ಇದೇ ಹೊಸಬಳಂತೆ ತನ್ನ ಜಾಗ ಹುಡುಕಿಕೊಳ್ಳಬೇಕು. ನಮ್ಮ ಕೆಂಪು ಹೇಂಟೆಗೆ ಒಂದು ಸಲ ಹೀಗೆ ಮಾಡಿದ ಮೇಲೆ ಮತ್ತೆ ಬೇಕಾಗಲಿಲ್ಲ.

ಗಾಯ ಆದ ಕೋಳಿಯನ್ನು ಗುಂಪಿನಲ್ಲಿ ಬಿಡಲೇಬಾರದು. ಕೆಂಪು ಕಂಡರೆ ಎಲ್ಲವೂ ಅಲ್ಲೇ ಕುಕ್ಕುತ್ತವೆ, ಸಾಯುವವರೆಗೂ ಬಿಡುವುದಿಲ್ಲ. ಉಪ್ಪುನೀರಿನಲ್ಲಿ ತೊಳೆದು, ಅರಿಶಿನವನ್ನು ಬೇವಿನೆಣ್ಣೆಯಲ್ಲಿ ಕಲಸಿ ಹಚ್ಚಿ. ಬೇವಿನ ವಾಸನೆಗೆ ನೊಣವೂ ದೂರ. ಒಣಗಿ ಹೆಪ್ಪು ಕಟ್ಟುವ ತನಕ ಬೇರೆ ಇಡಿ, ಆದರೆ ಮೆಶ್ ಆಚೆ, ಗುಂಪಿಗೆ ಕಾಣುವ ಹಾಗೆ. ತೀರಾ ಮರೆಮಾಡಿದರೆ ಮತ್ತೆ ಹೊಸಬಳಾಗಿಬಿಡುತ್ತದೆ.

ಹುಂಜ, ಮರಿ

ಮನೆಯಲ್ಲಿ ಒಳ್ಳೆಯ ಹುಂಜ ಇದ್ದರೆ ಅರ್ಧ ಕೆಲಸ ಅದೇ ಮಾಡುತ್ತದೆ. ಕಾಳು ಕಂಡಾಗ ಕೊಕ್ ಕೊಕ್ ಅಂತ ಕರೆದು ಹೊಸ ಹೇಂಟೆಗೂ ತಿನ್ನಿಸುತ್ತದೆ, ಜಗಳ ಜೋರಾದರೆ ಮಧ್ಯೆ ನುಗ್ಗುತ್ತದೆ. ಹೊಸ ಹುಂಜ ತರುವುದು ಬೇರೆಯೇ ಮಾತು. ಎಂಟು-ಹತ್ತು ಹೇಂಟೆಗೆ ಒಂದು ಹುಂಜ ಸಾಕು. ಎರಡು ಬೆಳೆದ ಹುಂಜ ಸಣ್ಣ ಹಿತ್ತಲಿನಲ್ಲಿ ಹೊಂದುವುದು ಕಷ್ಟ, ಕಾಳಗಕ್ಕೆ ಹೆಸರಾದ ಅಸೀಲ್ ತಳಿಯ ರಕ್ತ ಇದ್ದರಂತೂ ಪ್ರಯತ್ನವೇ ಬೇಡ.

ಒಂದು ದಿನದ ಮರಿ ತಂದಿದ್ದರೆ, ಕಾವು ಕೂತ ಹೇಂಟೆ ಇದ್ದಾಗ ರಾತ್ರಿ ಅದರ ರೆಕ್ಕೆಯಡಿ ಒಂದೊಂದಾಗಿ ತೂರಿಸಿ, ಕೆಳಗಿನ ಮೊಟ್ಟೆ ತೆಗೆದುಬಿಡಿ. ಕಾವು ಕೂತು ಎರಡು ವಾರವಾದರೂ ಆಗಿರಬೇಕು. ಒಪ್ಪಿಕೊಂಡರೆ ಮುಂದಿನ ಪರಿಚಯವೆಲ್ಲ ತಾಯಿಯದೇ. ಬೆಳಿಗ್ಗೆ ಬೇಗ ಹೋಗಿ ನೋಡಿ. ಕುಕ್ಕುತ್ತಿದ್ದರೆ ಮರಿಗಳನ್ನು ತಕ್ಷಣ ತೆಗೆದು ಬಲ್ಬಿನ ಶಾಖಕ್ಕೆ ಇಡಿ. ಮೊಟ್ಟೆ ಕೋಳಿಗೆ ಹಾಕುವ ಲೇಯರ್ ಫೀಡ್ ಮಾತ್ರ ಮರಿಗೆ, ಪಿಳ್ಳೆಗೆ ಸಿಗಬಾರದು. ಅದರಲ್ಲಿ ಸುಣ್ಣದ ಅಂಶ ಜಾಸ್ತಿ, ಎಳೆಯ ಮೂತ್ರಪಿಂಡ ತಡೆಯುವುದಿಲ್ಲ. ಎಲ್ಲ ವಯಸ್ಸಿನವೂ ಒಟ್ಟಿಗಿದ್ದರೆ ಬೆಳೆಯುವ ಕೋಳಿಗೆ ಹಾಕುವ ಗ್ರೋಯರ್ ಫೀಡ್ ಹಾಕಿ, ಮೊಟ್ಟೆ ಇಡುವವಕ್ಕೆ ಕಪ್ಪೆಚಿಪ್ಪಿನ ಪುಡಿಯನ್ನು ಬೇರೆ ಬಟ್ಟಲಲ್ಲಿ ಇಡಿ.

ಈ ಗಲಾಟೆಯ ಮಧ್ಯೆ ಒಂದೆರಡು ವಾರ ಮೊಟ್ಟೆ ಕಡಿಮೆಯಾಗುತ್ತದೆ, ಹೊಸವು ಇನ್ನೂ ತಡ ಮಾಡಬಹುದು. ಅದಕ್ಕೆ ಔಷಧಿ ಬೇಕಿಲ್ಲ. ಮಧ್ಯಾಹ್ನದ ಬಿಸಿಲಲ್ಲಿ ಹಳೆಯದು ಹೊಸದು ಒಂದೇ ಗುಂಡಿಯಲ್ಲಿ ಮಣ್ಣು ಎರಚಿಕೊಂಡು ಹೊರಳುವುದನ್ನು ಕಂಡರೆ, ರಾತ್ರಿ ಹೊಸವು ತುದಿ ಬಿಟ್ಟು ಮಧ್ಯಕ್ಕೆ ಬಂದು ಕೂತರೆ, ಮೆಶ್ ಬಿಚ್ಚಿ. ಬುಟ್ಟಿಯನ್ನು ಸುಣ್ಣದ ನೀರಿನಲ್ಲಿ ಉಜ್ಜಿ ತೊಳೆದು, ಎರಡು ದಿನ ಬಿಸಿಲಿಗೆ ಮಗುಚಿ ಹಾಕಿ, ಅಟ್ಟಕ್ಕೆ ಎತ್ತಿಡಿ.